ಬೆನ್ನ ಕಡೆಯಿಂದ

ಜಿಜಿಮ್ ಅಂತೆ ಇದರ ಹೆಸರು.
ಸಕಲೇಶಪುರದ ತೋಟದಮ್ಮ ಎರಡು ಸಲ ಹೇಳಿದರು,
ನನಗೆ ಎರಡು ಸಲವೂ ಗೆಜ್ಜೆಪೆಟ್ಟಿಗೆ ಬಿದ್ದ ಹಾಗೆ ಕೇಳಿಸಿತು.
ತುರ್ಕಿಯಿಂದ ಹೊತ್ತು ತಂದದ್ದು; ಮೂಲೆಯಲ್ಲಿ
ಅಂಗೈಯಗಲ ನಾಯಿಮರಿ ತಿಂದದ್ದು.
"ಕಸೂತಿ ತಾನೇ? ಸೂಜಿ ಕೆಲಸ. ಶನಿವಾರಕ್ಕೆ ಆಗುತ್ತಾ?"

ಪೆನ್ಷನ್ ಮೊಹಲ್ಲಾದಲ್ಲಿ ನನ್ನದು ರಫೂ ಅಂಗಡಿ,
ಬಾಗಿಲಷ್ಟೇ ಅಗಲ. ಇಲಿ ಕಡಿದ ಶಾಲು,
ಸಿಗರೇಟು ಸುಟ್ಟ ಪ್ಯಾಂಟು, ಕೋರ್ಟಿಗೆ ಹೋಗುವ ಕರೀ ಕೋಟು.
ಅಬ್ಬಾ ಕಲಿಸಿದ್ದು. ಸೂಜಿ ಎಡಗೈಗೆ ಬಂದಾಗಲೆಲ್ಲ
ಗಜದ ಕೋಲಿನಲ್ಲಿ ಬೆರಳ ಗೆಣ್ಣಿಗೆ ಬಡಿದರು;
ಕೊನೆಗೆ ಸೋತದ್ದು ಕೋಲು.
ಅವರು ಹೇಳಿದ್ದರಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ:
ಯಾವ ಬಟ್ಟೆ ಬಂದರೂ ಮೊದಲು ಮಗುಚಿ ನೋಡು.

ಮಗುಚಿದೆ.
ಮುಂದೆ ಎಂಟು ಮೊನೆಯ ನಕ್ಷತ್ರ, ಕೊಕ್ಕೆ, ಟಗರಿನ ಕೊಂಬು,
ಬಟ್ಟೆಯ ಮೇಲೆ ಎದ್ದು ಕೂತಿವೆ, ಈಗ ತಾನೇ ಹೊಲಿದ ಹಾಗೆ.
ಹಿಂದೆ ಬಣ್ಣದ ನೂಲುಗಳು ಒಂದು ಹೂವಿನಿಂದ ಇನ್ನೊಂದಕ್ಕೆ
ಅಡ್ಡದಾರಿ ಹಿಡಿದು ಓಡಾಡಿವೆ,
ಬಿಗಿಯಿಲ್ಲ, ಮುಚ್ಚುಮರೆಯಿಲ್ಲ,
ಹಿತ್ತಿಲಲ್ಲಿ ಮಾತಾಡುವ ಹೆಂಗಸರ ಹಾಗೆ.
ಸೂಜಿ ಇದನ್ನು ಮುಟ್ಟಿಯೇ ಇಲ್ಲ.
ಹಾಸುಹೊಕ್ಕು ನಡೆಯುತ್ತಿರುವಾಗಲೇ, ಸಾಲುಸಾಲಿಗೂ ನಿಂತು,
ಮಗ್ಗದ ಮೇಲೇ ಬೆರಳಲ್ಲಿ ತೂರಿಸಿದ ಮೂರನೆಯ ನೂಲು.
ಅದೂ ಬೆನ್ನ ಕಡೆಯಿಂದ.
ನೇಯ್ದವಳ ಎದುರಿಗೆ ಇದ್ದದ್ದು ಈ ಗೋಜಲು;
ನಕ್ಷತ್ರ ಅವಳಿಗೆ ಬೆನ್ನು ಹಾಕಿ ಆ ಕಡೆ ಹುಟ್ಟುತ್ತಿತ್ತು.

ಅಂಗಡಿಯ ಉಲ್ಲನ್ ಇದಕ್ಕೆ ಒಗ್ಗಲಿಲ್ಲ, ತೀರಾ ನುಣುಪು.
ಅರಸೀಕೆರೆ ಬಸ್ಸು ಹತ್ತಿ, ಅಲ್ಲಿಂದ ಕಣಕಟ್ಟೆಗೆ ಹೋದೆ.
ಕಂಬಳಿ ನೇಯುವ ಜುಂಜಜ್ಜ ಗುಂಡಿಮಗ್ಗದಿಂದ ಕಾಲೆತ್ತದೆ
ಅಂಚು ಎಳೆದು ಮೂಸಿದ, ಒಂದೆಳೆ ಕಡ್ಡಿ ಗೀರಿ ಸುಟ್ಟ.
"ನಮ್ ಕುರಿ ಅಲ್ಲ. ಆದ್ರೆ ಕುರೀನೇ."
ಹುಣಿಸೆಬೀಜದ ಸರಿ ಕುಡಿಸಿದಾರಾ ಅಂತ ನಾಲಗೆ ತಾಗಿಸಿದ,
ಇಲ್ಲವೆಂದು ಉಗಿದ.
ಆಮೇಲೆ ನಟ್ಟನಡುವಿನ ಹೊಲಿಗೆಯ ಮೇಲೆ ಹೆಬ್ಬೆರಳು ನಿಂತಿತು.
"ಎಲ್ಡು ಪಟ್ಟಿ ಜೋಡ್ಸವ್ರೆ ಕಣವ್ವ. ಮಗ್ಗ ಸಣ್ಣದು, ನಮ್ದಿದ್ದಂಗೆ."
ನಡುವಿನ ನಕ್ಷತ್ರ ಒಂದೂ ಕೂಡಿರಲಿಲ್ಲ;
ಬಲದ ಅರ್ಧ ಬೆರಳಗಲ ಕೆಳಗಿಳಿದಿತ್ತು.
"ಕೈ ಬೇರೆ," ಅಂದ ಅಜ್ಜ.
ಕೈ ಒಂದೇ, ವರ್ಷ ಬೇರೆ, ಅಂದೆ ನಾನು,
ನಡುವೆ ಹೆರಿಗೆಯೋ ಜ್ವರವೋ ಬಂದಿರಬೇಕು.
ಅವನ ಹೆಂಡತಿ ತಂದ ಟೀ ಆರುವವರೆಗೆ ಜಗಳ.
ಬಿಳಿ ಕುರಿಯ ನೂಲು ಒಂದು ಉಂಡೆ ಕೊಟ್ಟ, ದುಡ್ಡು ಬೇಡವೆಂದ;
ಬದಲಿಗೆ ಎಡದ ಪಟ್ಟಿಯಿಂದ ಒಂದೆಳೆ, ಬಲದಿಂದ ಒಂದೆಳೆ ಕಿತ್ತು
ಬೀಡಿ ಡಬ್ಬಿಗೆ ಹಾಕಿಕೊಂಡ.

ಗ್ರಂಧಿಗೆ ಅಂಗಡಿಯ ಮಂಜಿಷ್ಠದಲ್ಲಿ ಕೆಂಪು ಬಂತು, ಸ್ವಲ್ಪ ಹಸಿಹಸಿ.
ಬಿಸಿಲಿಗೆ ಹಾಕಿ ಒಂದು ವಾರ ವಯಸ್ಸಾಗಿಸಿದೆ.
ಶನಿವಾರ ಎರಡು ಕಳೆದವು.
ಮಗುಚಿಟ್ಟು, ಬೆನ್ನ ಕಡೆಯಿಂದಲೇ ತುಂಬಿದೆ,
ಆ ಕಡೆ ಏನಾಗುತ್ತಿದೆ ಎಂದು ಇಣುಕದೆ.
ಸುಳ್ಳು. ನಾಲ್ಕು ಸಲ ಇಣುಕಿದೆ.

ತೋಟದಮ್ಮ ಕನ್ನಡಕ ಹಾಕಿ ಮೂಲೆಯಿಂದ ಮೂಲೆಗೆ ಹುಡುಕಿದರು.
"ಏನೂ ಮಾಡಿದ್ದೇ ಕಾಣಲ್ವಲ್ಲ! ಇನ್ನೂರು ಬಿಡಿ."
ಕಾಣದ್ದಕ್ಕೇ ಕೂಲಿ ಅಮ್ಮಾ, ಅಂದೆ. ನೂರು ಬಿಟ್ಟೆ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಜುಂಜಜ್ಜನ ಫೋನು.
ಹಲೋ ಇಲ್ಲ, ಹೆಂಗಿದೀಯ ಇಲ್ಲ.
"ಆ ಎಳೆ ಬಿಚ್ಚಿ ನೋಡ್ದೆ. ಒಂದ್ರದ್ದು ಹುರಿ ಬಲಕ್ಕೈತೆ,
ಇನ್ನೊಂದ್ರದ್ದು ಎಡಕ್ಕೆ.
ಎಲ್ಡನೇ ಪಟ್ಟಿಯೋಳು ಎಡಚಿ ಕಣವ್ವ."

ಯಾರೋ ವಕೀಲರ ಕೋಟು ತೊಡೆಯ ಮೇಲಿತ್ತು.
ಫೋನನ್ನು ಬಲಗಿವಿಗೆ ಒತ್ತಿಕೊಂಡೆ,
ಸೂಜಿ ಕೆಳಗಿಡಲಿಲ್ಲ.